‘ಬೆಚ್ಚನೆ’ ಮತ್ತು ‘ಕೈ’: ಇಂಗ್ಲಿಷ್ ಪ್ರಯೋಗದ ಎರಡು ತೊಡಕುಗಳು

ನಿಘಂಟನ್ನು ತೆರೆದರೆ ಇಂಗ್ಲಿಷಿನ ‘ವಾರ್ಮ್’ ಶಬ್ದಕ್ಕೆ ಬೆಚ್ಚನೆಯ ಎಂದೂ ‘ಹ್ಯಾಂಡ್’ ಶಬ್ದಕ್ಕೆ ಕೈ ಎಂದೂ ಅರ್ಥ ದೊರೆಯುತ್ತದೆ. ನಿಘಂಟಿನ ಮಟ್ಟಿಗೆ ಇದರಲ್ಲಿ ದೋಷವಿಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾಗಳ ವಿದ್ಯಾರ್ಥಿಯು ಇವನ್ನು ವಾಕ್ಯದಲ್ಲಿರಿಸಿದೊಡನೆ ತೊಡಕು ಮೊದಲಾಗುತ್ತದೆ.

ಶೀತದೇಶದಲ್ಲಿ ಬೆಳೆದ ಇಂಗ್ಲಿಷಿಗೆ ಶಾಖವೇ ಪ್ರೀತಿಯ ಲಕ್ಷಣ. ಆದರದ ಸ್ವಾಗತವು ‘ವಾರ್ಮ್ ವೆಲ್ಕಮ್’, ಸ್ನೇಹವಿಲ್ಲದವನು ‘ಕೋಲ್ಡ್’. ಕರಾವಳಿಯ ಅನುಭವ ಇದಕ್ಕೆ ಭಿನ್ನವಾದುದು. ಬೇಸಗೆಯಲ್ಲಿ ಕಡಲಗಾಳಿಯ ತೇವದೊಡನೆ ಕೂಡಿ, ನೆರಳಿನಲ್ಲಿಯೂ ಮೈಯನ್ನು ಬೆವರಿಸುವ ತಾಪಕ್ಕೆ ಇಲ್ಲಿಯವರು ‘ಸೆಕೆ’ ಎನ್ನುತ್ತಾರೆ. ಬಿಸಿಲು ಬೇರೆ, ಸೆಕೆ ಬೇರೆ. ಇಂತಹ ನೆಲದಲ್ಲಿ ಹರಕೆಯು ‘ಹೊಟ್ಟೆ ತಣ್ಣಗಿರಲಿ’ ಎಂದು ಹೊರಡುವುದು ಸಹಜವೇ. ಮತ್ಸರವು ಹೊಟ್ಟೆಯುರಿ, ದಂಡಿಸುವುದು ಬಿಸಿ ಮುಟ್ಟಿಸುವುದು. ‘ಬಿಸಿ ಸ್ವಾಗತ’ವೆಂದು ಅನುವಾದಿಸಿದರೆ ಅತಿಥಿಯು ಬೈಗುಳ ತಿಂದನೆಂದೇ ಓದುಗನು ಭಾವಿಸಿಯಾನು.

ಆದರೂ ‘ಬೆಚ್ಚಗೆ’ ಎಂಬುದು ‘ಬಿಸಿ’ಯಲ್ಲ. ಬೇಯು, ಬೇಗೆ, ಬೇಸಗೆಗಳ ಕುಲಕ್ಕೇ ಸೇರಿದ್ದರೂ ಅದಕ್ಕೆ ಸುಡುವ ಗುಣವಿಲ್ಲ. ಮಳೆಗಾಲದಲ್ಲಿ ಒಲೆಯ ಮುಂದೆ ‘ಚಳಿ ಕಾಯಿಸು’ವವನಿಗೆ ಬೇಕಾದುದು ಈ ಬೆಚ್ಚನೆಯೇ. ಇವುಗಳಲ್ಲೆಲ್ಲ ‘ಉಗುರುಬೆಚ್ಚಗೆ’ ಎಂಬ ಸಮಾಸವು ಅತ್ಯಂತ ಅರ್ಥಪೂರ್ಣವಾದುದು. ಉಗುರನ್ನದ್ದಿ ಅಳೆಯುವಷ್ಟು ಹಿತವಾದ ಶಾಖ. ಕೈಯೇ ಇಲ್ಲಿ ಮಾಪಕ. ಇಂಗ್ಲಿಷಿನ ‘ಲ್ಯೂಕ್‌ವಾರ್ಮ್’ ಪದದಲ್ಲಿ ‘ಲ್ಯೂಕ್’ ಎಂಬುದಕ್ಕೂ ಹಿಂದೆ ಅದೇ ಅರ್ಥವಿದ್ದು, ಶಬ್ದವು ಹೇಳಿದ್ದನ್ನೇ ಎರಡು ಬಾರಿ ಹೇಳುತ್ತದೆ. ಮೇಲಾಗಿ ಅಲ್ಲಿ ಅದು ಉತ್ಸಾಹಹೀನತೆಯನ್ನು ಹಳಿಯುವ ಮಾತು. ಇಲ್ಲಿಯಾದರೋ ಶಿಶುವಿನ ಸ್ನಾನಕ್ಕೂ ರೋಗಿಯ ಔಷಧಕ್ಕೂ ಒಪ್ಪುವ ನೀರು.

ಕೈಯ ವಿಷಯದಲ್ಲಿ ವಿಪರ್ಯಾಸ ಇನ್ನೂ ಹೆಚ್ಚು. ಇಂಗ್ಲಿಷಿನಲ್ಲಿ ‘ಕೈ ಕೊಡುವುದು’ ನೆರವಾಗುವುದು. ಕನ್ನಡದಲ್ಲಿ ನಂಬಿಸಿ ಮೋಸಮಾಡುವುದು. ದಾರಿಯಲ್ಲಿ ನಿಂತುಹೋದ ಬಸ್ಸೂ ‘ಕೈ ಕೊಡು’ತ್ತದೆ. 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಜಿಲ್ಲೆಯವರಿಗೆ ಪರಿಚಿತವಾದ ಮರಾಠಿಯಲ್ಲಿ ‘ಹಾತ್ ದೇಣೆ’ ಎಂದರೆ ಸಹಾಯವೇ! ಅದೇ ಪೇಟೆಯ ಕೊಂಕಣಿಯಲ್ಲಿ ಕೈಯು ‘ಹಾತ’, ಬಿಸಿಯು ‘ಹೂನ’. ಮೊದಲನೆಯದು ಹಸ್ತದಿಂದಲೂ ಎರಡನೆಯದು ಉಷ್ಣದಿಂದಲೂ ಬಂದವು.

ಎರಡು ಪದಗಳೂ ಕೂಡಿದಾಗ ‘ಕೈ ಬೆಚ್ಚಗೆ ಮಾಡು’, ಅಂದರೆ ಲಂಚ ಕೊಡು. ಹಿಂದಿಯಲ್ಲಿ ಬೆಚ್ಚಗಾಗುವುದು ಮುಷ್ಟಿ. ಇಂಗ್ಲಿಷಿನವನು ಅಂಗೈಗೆ ಜಿಡ್ಡು ಸವರುತ್ತಾನೆ. ‘ಅಧಿಕಾರಿಯ ಕೈಯನ್ನು ಬೆಚ್ಚಗೆ ಮಾಡಿದನು’ ಎಂಬುದನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿದರೆ, ಚಳಿಯಿಂದ ನಡುಗುವವನಿಗೆ ಮಾಡಿದ ಉಪಚಾರವೆಂದೇ ಅವರು ಮೆಚ್ಚಿಯಾರು.

ವಚನಗಳ ‘ಕರಸ್ಥಲ’ವನ್ನು ಬರಿಯ ‘ಪಾಮ್’ ಎಂದಾಗಲೂ ಇಂತಹುದೇ ನಷ್ಟ. ಇಷ್ಟಲಿಂಗವನ್ನಿರಿಸಿ ಪೂಜಿಸುವ ಎಡ ಅಂಗೈಯು ಅಲ್ಲಿ ಕೇವಲ ಅವಯವವೆನಿಸದು.

ಪ್ರಭಾವವು ಒಂದೇ ದಿಕ್ಕಿನದಲ್ಲ. ಪತ್ರವಿಲ್ಲದೆ ನಂಬಿಕೆಯ ಮೇಲೆ ಪಡೆಯುವ ಕೈಗಡವು ಭಾರತೀಯ ಇಂಗ್ಲಿಷಿನಲ್ಲಿ ‘ಹ್ಯಾಂಡ್ ಲೋನ್’ ಆಗಿ ನ್ಯಾಯಾಲಯದ ಕಾಗದಗಳನ್ನೂ ಪ್ರವೇಶಿಸಿದೆ. ಇಂಗ್ಲೆಂಡಿನವನಿಗೆ ಅದನ್ನು ವಿವರಿಸಿಯೇ ಹೇಳಬೇಕಾಗುತ್ತದೆ.