ಮನೆಗಳಲ್ಲಿರುವ ಕಲಾಕೃತಿಗಳ ಪ್ರದರ್ಶನ ಮತ್ತು ಸಂರಕ್ಷಣೆ: ಮುಳಗುಂದ ಪರಿಸರದ ಸಾರ್ವಜನಿಕರಿಗೆ ಮಾಹಿತಿ

ಗದಗ ತಾಲ್ಲೂಕಿನ ಮುಳಗುಂದವು ರಾಷ್ಟ್ರಕೂಟರ ಕಾಲದ ಕ್ರಿ.ಶ. 902ರ ಶಾಸನವನ್ನು ಹೊಂದಿರುವ, ಕವಿ ನಯಸೇನನು ಕ್ರಿ.ಶ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ಪ್ರಾಚೀನ ಪಟ್ಟಣವಾಗಿದೆ. ಇಲ್ಲಿಯ ಬಸದಿ, ದೇವಾಲಯ ಹಾಗೂ ಶಾಸನಗಳ ಕುರಿತು ವಿದ್ವಾಂಸರು ಬರೆದಿದ್ದಾರೆ. ಆದರೆ ಈ ಭಾಗದ ಮನೆಗಳ ಪಡಸಾಲೆ ಮತ್ತು ದೇವರ ಜಗಲಿಯಲ್ಲಿ ಕಂಡುಬರುವ ರವಿವರ್ಮ ಮುದ್ರಣಾಲಯದ ಪಟಗಳು, ಹಿರಿಯರ ಭಾವಚಿತ್ರಗಳು, ಕಿನ್ನಾಳದ ಗೊಂಬೆಗಳು ಹಾಗೂ ಕಸೂತಿ ಹಾಕಿದ ವಸ್ತ್ರಗಳು ಸಾಮಾನ್ಯವಾಗಿ ಯಾವ ದಾಖಲೆಗೂ ಸೇರಿರುವುದಿಲ್ಲ. ಇವುಗಳ ರಕ್ಷಣೆಯ ಹೊಣೆ ಮನೆಯವರದ್ದೇ ಆಗಿರುತ್ತದೆ. ಇದಕ್ಕೆ ದುಬಾರಿ ಸಲಕರಣೆಗಳಿಗಿಂತ ಸರಿಯಾದ ಗೋಡೆಯ ಆಯ್ಕೆಯೇ ಮುಖ್ಯವಾದುದು.

ಗೋಡೆಯ ಆಯ್ಕೆ

ಗದಗ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುವುದರಿಂದ ಇಲ್ಲಿ ತೇವದ ಭಯವಿಲ್ಲವೆಂದು ಭಾವಿಸುವುದುಂಟು. ಇದು ಸರಿಯಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಸೋರಿದ ನೀರು ಗೋಡೆಯೊಳಗಿನಿಂದ ಇಳಿದು, ಹೊರಗೆ ಏನೂ ಕಾಣದಿರುವಾಗಲೇ ಪಟದ ಹಿಂಬದಿಯ ರಟ್ಟನ್ನು ನೆನೆಸುತ್ತದೆ. ಅಲ್ಲಿ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ. ಪಶ್ಚಿಮದ ಹೊರಗೋಡೆಯು ಮುಂಗಾರಿನ ಇರಚಲನ್ನೂ ಬೇಸಿಗೆಯ ಇಳಿಹೊತ್ತಿನ ಬಿಸಿಲನ್ನೂ ಸಹಿಸಬೇಕಾಗುವುದರಿಂದ ಅದು ಯಾವ ಕಲಾಕೃತಿಗೂ ಯೋಗ್ಯವಲ್ಲ. ಬಚ್ಚಲುಮನೆಗೆ ಹೊಂದಿದ ಗೋಡೆಯೂ ಅಷ್ಟೇ. ಎರಡು ಕೋಣೆಗಳ ನಡುವಿನ ಒಳಗೋಡೆಯನ್ನು ಆರಿಸುವುದು ಸೂಕ್ತ. ಸಂಶಯವಿದ್ದಲ್ಲಿ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಬಹುದು. ಹಾಳೆಯ ಒಳಬದಿಯಲ್ಲಿ ಹನಿಗಳು ಕಂಡರೆ ಆ ಗೋಡೆ ಬೇಡ.

ನಮ್ಮ ಭಾಗದ ಹಿರಿಯರು ಪಟಗಳನ್ನು ಎತ್ತರದಲ್ಲಿ, ಮೇಲ್ತುದಿ ಮುಂದಕ್ಕೆ ಬಾಗುವಂತೆ ಕಟ್ಟುತ್ತಿದ್ದರು. ಈ ಪದ್ಧತಿ ನೋಡುವವರ ಅನುಕೂಲಕ್ಕೆಂದು ಬಂದಿರಬಹುದಾದರೂ, ಹಿಂಬದಿಯಲ್ಲಿ ಗಾಳಿಯಾಡುವುದಕ್ಕೆ ಹಾಗೂ ಗಾಜಿನ ಮೇಲೆ ಧೂಳು ಕಡಿಮೆ ಕೂಡುವುದಕ್ಕೆ ಅದಕ್ಕಿಂತ ಉತ್ತಮ ಕ್ರಮವಿಲ್ಲ. ಈಗಿನಂತೆ ಗೋಡೆಗೆ ಅಂಟಿಕೊಂಡಂತೆ ತೂಗುಹಾಕುವುದಾದರೆ ಚೌಕಟ್ಟಿನ ಹಿಂದೆ ನಾಲ್ಕೂ ಮೂಲೆಗಳಿಗೆ ಬಾಟಲಿಯ ಬೂಚಿನ ಬಿಲ್ಲೆಗಳನ್ನು ಅಂಟಿಸಿ ಅಂತರ ಉಳಿಸಬೇಕು.

ಬೆಳಕಿನಿಂದಾಗುವ ಹಾನಿ

ಬೆಳಕಿನಿಂದ ಬಣ್ಣ ಮಾಸಿದರೆ ಅದನ್ನು ಮರಳಿ ತರಲು ಸಾಧ್ಯವಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಕಾಗದ ಮತ್ತು ಬಟ್ಟೆಯ ಕೃತಿಗಳಿಗೆ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಬೆಳಕನ್ನು ಮಿತಿಯಾಗಿ ಪರಿಗಣಿಸಲಾಗುತ್ತದೆ. ನೇರ ಬಿಸಿಲಿನ ಪ್ರಮಾಣವು 1,00,000 ಲಕ್ಸ್‌ವರೆಗೂ ಇರುತ್ತದೆ. ಆದುದರಿಂದ ಬೆಳಕಿಂಡಿಯ ಕೆಳಗೆ ಅಥವಾ ಮುಂಬಾಗಿಲಿನ ಎದುರು ದಿನಕ್ಕೆ ಅರ್ಧ ಗಂಟೆ ಬಿಸಿಲು ಬೀಳುವ ಸ್ಥಳವನ್ನೂ ತಪ್ಪಿಸಬೇಕು.

ಪೂಜೆಗೊಳ್ಳುವ ಪಟಗಳು

ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಬಂದ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆಗೂ ತಲುಪಿದವು. ಇವು ಕಲ್ಲಚ್ಚಿನ ಮುದ್ರಣಗಳೇ ಹೊರತು ಮೂಲ ವರ್ಣಚಿತ್ರಗಳಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ಕೆಲವು ಪಟಗಳಲ್ಲಿ ದೇವಿಯ ಸೀರೆಗೆ ಜರಿ, ಮಣಿಗಳನ್ನು ಹೊಲಿದಿರುವುದುಂಟು. ಅವು ಹಳೆಯದಾಗಿವೆಯೆಂದು ಕಿತ್ತು ಹೊಸದನ್ನು ಹಚ್ಚಬಾರದು. ಆ ಹೊಲಿಗೆ ಆ ಪಟಕ್ಕೆ ಮಾತ್ರ ಸೇರಿದ ಕೈಗೆಲಸವಾಗಿದ್ದು, ಮುದ್ರಣಕ್ಕಿಂತಲೂ ಅಪರೂಪದ್ದು.

ಪೂಜೆಯನ್ನು ನಿಲ್ಲಿಸಬೇಕೆಂದು ಇಲ್ಲಿ ಸೂಚಿಸುತ್ತಿಲ್ಲ. ಕುಂಕುಮ, ವಿಭೂತಿಯನ್ನು ಗಾಜಿನ ಮೇಲೆ ಹಚ್ಚಿದರೆ ಹಾನಿಯಿಲ್ಲ. ಹಸಿ ಹಾರದಿಂದ ತೊಟ್ಟಿಕ್ಕುವ ನೀರು ಚೌಕಟ್ಟಿನ ಕೆಳಗಿನ ಸಂದಿಯೊಳಗೆ ಇಳಿಯುವುದೇ ತೊಂದರೆ. ಹಾರಕ್ಕೆ ಬೇರೆ ಮೊಳೆ ಹೊಡೆದು, ಅದು ಪಟಕ್ಕೆ ತಾಗದಂತೆ ಇಳಿಬಿಡಬಹುದು. ದೀಪವನ್ನು ಪಟದಿಂದ ಕನಿಷ್ಠ ಒಂದು ಮೊಳ ದೂರದಲ್ಲಿಡಬೇಕು.

ಧೂಳು ಮತ್ತು ಶುಚಿಗೊಳಿಸುವಿಕೆ

ಆಷಾಢದ ಗಾಳಿಯಲ್ಲಿ ಎರೆಹೊಲದ ಧೂಳು ಮನೆಯೊಳಗೆ ನುಗ್ಗುವುದು ಎಲ್ಲರಿಗೂ ತಿಳಿದ ವಿಷಯ. ಎರೆಮಣ್ಣಿನ ನುಣುಪಾದ ಧೂಳು ನೀರು ತಾಗಿದೊಡನೆ ಅಂಟಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕೃತಿಯ ಮೈಗೆ ಇಳಿದು ಕಲೆಯಾಗುತ್ತದೆ. ಮೆತ್ತನೆಯ ಒಣ ಕುಂಚವೊಂದೇ ಸಾಕು. ದೀಪಾವಳಿಯ ಸುಣ್ಣಬಣ್ಣಕ್ಕೆ ಮುನ್ನ ಪಟಗಳನ್ನು ಇಳಿಸಿ ಬೇರೆ ಕೋಣೆಯಲ್ಲಿಡಬೇಕು. ತೈಲಚಿತ್ರವನ್ನು ಹೆಚ್ಚಿದ ಆಲೂಗಡ್ಡೆಯಿಂದ ಉಜ್ಜುವುದು, ಹಳೆಯ ಕಂಚಿನ ಮೂರ್ತಿಯನ್ನು ಪ್ರತಿ ಹಬ್ಬಕ್ಕೂ ಹುಣಸೆಹಣ್ಣಿನಿಂದ ತಿಕ್ಕಿ ಮುಖಲಕ್ಷಣವನ್ನೇ ಸವೆಸುವುದು ಸಲ್ಲದು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ನೀರು ಶತ್ರು. ಹಗುರ ಮರದ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ಗೋಣಿನಾರು ಹಾಗೂ ಮರದ ಹೊಟ್ಟು ಬೆರೆತ ‘ಕಿಟ್ಟ’ವನ್ನು ಮೆತ್ತಿ ಅವುಗಳನ್ನು ತಯಾರಿಸಲಾಗುತ್ತದೆ. ತೇವ ತಾಗಿದರೆ ಅಂಟು ಬಿಡುತ್ತದೆ, ಬಣ್ಣ ಹೆಕ್ಕಳಿಕೆಯಾಗಿ ಉದುರುತ್ತದೆ. ಅಂಗಡಿಯ ಎನಾಮೆಲ್ ಬಣ್ಣ ಬಳಿದು ಹೊಸದಾಗಿಸುವ ಪ್ರಯತ್ನ ಬೇಡ. ಕಸೂತಿಯ ವಸ್ತ್ರಗಳನ್ನು ಮಡಿಚಿಡುವುದಕ್ಕಿಂತ ಹತ್ತಿಬಟ್ಟೆಯೊಡನೆ ಸುತ್ತಿಡುವುದು ಒಳ್ಳೆಯದು. ಮಡಿಕೆ ಅನಿವಾರ್ಯವಾದರೆ ಕೆಲವು ತಿಂಗಳಿಗೊಮ್ಮೆ ಅದರ ಸ್ಥಾನವನ್ನು ಬದಲಿಸಬೇಕು.

ಹಳೆಯ ಭಾವಚಿತ್ರವು ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬಾರದು. ಎಳೆದರೆ ಹಿರಿಯರ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಅದರ ಛಾಯಾಪ್ರತಿಯನ್ನು ತೆಗೆಸಿಕೊಳ್ಳಬೇಕು. ಹೊಸ ಕಟ್ಟು ಹಾಕಿಸುವಾಗ ಚಿತ್ರ ಮತ್ತು ಗಾಜಿನ ನಡುವೆ ದಪ್ಪ ಕಾಗದದ ಅಂಚು ಇರಿಸುವಂತೆ ಕೇಳಿಕೊಳ್ಳಬೇಕು. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ತೀವ್ರವಾಗಿ ಹಾಳಾದ ಕೃತಿಗಳಿಗಾಗಿ ಬೆಂಗಳೂರಿನಲ್ಲಿರುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.

ಕಾನೂನು ಮತ್ತು ದಾಖಲೆ

ಪುರಾತನ ವಸ್ತು ಹಾಗೂ ಕಲಾ ನಿಧಿಗಳ ಅಧಿನಿಯಮ, 1972ರ ಮೇರೆಗೆ 100 ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ವರ್ಣಚಿತ್ರ ಮುಂತಾದವು ಹಾಗೂ 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳೆನಿಸುತ್ತವೆ. ಇವುಗಳಲ್ಲಿ ಅಧಿಸೂಚಿತ ವರ್ಗಗಳಿಗೆ ಸೇರಿದವುಗಳನ್ನು ನೋಂದಣಾಧಿಕಾರಿಯವರಲ್ಲಿ ನೋಂದಾಯಿಸತಕ್ಕದ್ದು. ನೋಂದಣಿಯಿಂದ ವಸ್ತುವು ಸರ್ಕಾರದ ಸ್ವತ್ತಾಗುವುದಿಲ್ಲ, ಮನೆಯಲ್ಲೇ ಉಳಿಯುತ್ತದೆ. ಖಾಸಗಿ ವ್ಯಕ್ತಿಗಳು ಪುರಾತನ ವಸ್ತುಗಳನ್ನು ವಿದೇಶಕ್ಕೆ ರಫ್ತು ಮಾಡುವುದು ಕಾನೂನುಬಾಹಿರವಾಗಿದೆ.

ನೋಂದಣಿಯ ಅಗತ್ಯವಿಲ್ಲದ ಕೃತಿಗಳಿಗೂ ಮನೆಯವರೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಬೇಕು. ಪ್ರತಿಯೊಂದರ ಮುಂಬದಿ, ಹಿಂಬದಿಯ ಛಾಯಾಚಿತ್ರ, ಉದ್ದಗಲ, ಎಲ್ಲಿಂದ ಬಂದಿತೆಂಬ ವಿವರ ಅದರಲ್ಲಿರಲಿ. ಕಳವಾದಲ್ಲಿ ಪೊಲೀಸ್ ಠಾಣೆಗೆ ಕೊಡಲು ಇದೇ ಆಧಾರವಾಗುತ್ತದೆ. ಭಾವಚಿತ್ರದಲ್ಲಿರುವವರ ಹೆಸರು, ಊರನ್ನು ಬೇರೆ ಕಾಗದದ ಮೇಲೆ ಪೆನ್ಸಿಲ್‌ನಿಂದ ಬರೆದು ಚೌಕಟ್ಟಿನ ಹಿಂಬದಿಗೆ ಸೇರಿಸಬೇಕು. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸವನ್ನು ಕೈಗೊಳ್ಳುವುದು.