ತೂಕ 131, ಹೆಸರು ಐದು

ಹುಟ್ಟಿ ಎರಡು ಮೂರು ದಿನವಾದ ಕೂಸಿನ ಹಿಮ್ಮಡಿ ಚುಚ್ಚಿ, ದಪ್ಪನೆಯ ಫಿಲ್ಟರ್ ಕಾಗದಕ್ಕೆ ರಕ್ತ ಹೀರಿಸಿ ಒಣಗಿಸುತ್ತಾರೆ. ಒಣಗಿದ ಕಲೆಯಲ್ಲಿ ಪರೀಕ್ಷೆಗೆ ಬೇಕಾಗುವುದು 3 ಮಿಲಿಮೀಟರ್ ಅಗಲದ ಒಂದು ಬಿಲ್ಲೆ ಮಾತ್ರ. ಅದರಲ್ಲಿರುವ ರಕ್ತ ಸುಮಾರು 3 ಮೈಕ್ರೊಲೀಟರ್, ಎಂದರೆ ಒಂದು ಮಿಲಿಲೀಟರಿನ ಮುನ್ನೂರರಲ್ಲೊಂದು ಪಾಲು. ಕೂಸು ಆರೋಗ್ಯವಾಗಿದ್ದರೆ ಅಷ್ಟು ರಕ್ತದಲ್ಲಿ ಲ್ಯೂಸೀನ್ ಎಂಬ ಅಮೈನೊ ಆಮ್ಲ ಹೆಚ್ಚುಕಡಿಮೆ 50 ನ್ಯಾನೊಗ್ರಾಂ ಇರುತ್ತದೆ. ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಅಣುಗಳನ್ನು ಎಣಿಸಿದರೆ ಅದೇ ಬಿಲ್ಲೆಯೊಳಗೆ ಲ್ಯೂಸೀನಿನ ಅಣುಗಳೇ ಇನ್ನೂರು ಲಕ್ಷ ಕೋಟಿಗೂ ಮಿಕ್ಕಿವೆ. ರಕ್ತದಲ್ಲಿರುವ ಸಾವಿರಾರು ಬಗೆಯ ವಸ್ತುಗಳಲ್ಲಿ ಇದು ಒಂದೇ ಒಂದರ ಲೆಕ್ಕ.

ನಾವು ಉಂಡದ್ದನ್ನು ದೇಹ ಒಡೆದು, ಕಟ್ಟಿ, ಮತ್ತೆ ಒಡೆಯುವಾಗ ಹುಟ್ಟುವ ಇಂಥ ಸಣ್ಣ ಅಣುಗಳಿಗೆ ಮೆಟಬೊಲೈಟ್ ಎಂದು ಹೆಸರು. ಯಾವುದು ಏರಿದೆ, ಯಾವುದು ಇಳಿದಿದೆ ಎಂದು ಗೊತ್ತಾದರೆ ದೇಹದ ಯಾವ ಕೆಲಸ ಕೆಟ್ಟಿದೆ ಎಂದು ಹೇಳಬಹುದು. ನಮ್ಮಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಹಿಡಿದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1980ರಲ್ಲಿ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಶುರುಮಾಡಿದ ತಪಾಸಣೆಯಲ್ಲಿ ಕರ್ನಾಟಕದ ಸುಮಾರು ಒಂದು ಲಕ್ಷ ಹಸುಗೂಸುಗಳ ರಕ್ತವನ್ನು ಅಮೈನೊ ಆಮ್ಲದ ದೋಷಗಳಿಗಾಗಿ ನೋಡಲಾಯಿತು. ಅದೇ ತಂಡದಲ್ಲಿದ್ದ ಎ. ರಾಧಾ ರಮಾದೇವಿ ಮುಂದೆ ಹೈದರಾಬಾದಿನಲ್ಲಿ, ಎಸ್.ಎಂ. ನೌಷಾದ್ ಜತೆಗೂಡಿ, ನಾಲ್ಕು ಸರ್ಕಾರಿ ಹೆರಿಗೆ ಆಸ್ಪತ್ರೆಗಳ 18,300 ಕೂಸುಗಳನ್ನು ತಪಾಸಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಚಯಾಪಚಯದ ಹುಟ್ಟುದೋಷ ಸಾವಿರ ಕೂಸಿಗೆ ಒಂದರಂತೆ ಇದೆ ಎಂಬುದು ಅವರ ಅಂದಾಜು. ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಹೈದರಾಬಾದಿನ ಅಂದಾಜನ್ನೇ ಇಡೀ ದೇಶಕ್ಕೆ ಹಿಡಿದರೆ ವರ್ಷವೊಂದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳು. ಇವರಲ್ಲಿ ಹಲವರು ಮೊದಲ ವಾರದಲ್ಲೇ ಪತ್ತೆಯಾದರೆ ಆಹಾರ ಬದಲಿಸಿಯೋ ಮಾತ್ರೆ ಕೊಟ್ಟೋ ಬದುಕಿಸಿಕೊಳ್ಳಬಹುದಾದವರು.

ಈಗ ಈ ಕೆಲಸಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. 1990ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಮಿಲಿಂಗ್ಟನ್ ಇದನ್ನು ಕೂಸುಗಳ ರಕ್ತದ ಕಲೆಗೆ ಹೊಂದಿಸುವ ದಾರಿ ತೋರಿಸಿದರು. ಒಂದು ಮಾದರಿಗೆ ಎರಡು ನಿಮಿಷ ಸಾಕು, ಮೂವತ್ತಕ್ಕೂ ಹೆಚ್ಚು ದೋಷಗಳ ಸುಳಿವು ಸಿಗುತ್ತದೆ. ಯಂತ್ರ ಮಾಡುವ ಕೆಲಸ ಹೇಳುವುದಕ್ಕೆ ಸರಳ: ಅಣುವಿಗೆ ವಿದ್ಯುದಾವೇಶ ಕೊಟ್ಟು ನಿರ್ವಾತದಲ್ಲಿ ಹಾರಿಸುತ್ತದೆ, ತೂಗುತ್ತದೆ, ಒಡೆಯುತ್ತದೆ, ಚೂರುಗಳನ್ನೂ ತೂಗುತ್ತದೆ. ಚೂರುಗಳ ತೂಕದ ಪಟ್ಟಿಗೆ ರೋಹಿತ ಎನ್ನುತ್ತಾರೆ. ತೂಗುವ ನಿಖರತೆ ಮಾತ್ರ ಮೈ ಜುಮ್ಮೆನ್ನಿಸುವಂಥದ್ದು. ಇಂದಿನ ಒಳ್ಳೆಯ ಯಂತ್ರಗಳು ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ತಪ್ಪಿಲ್ಲದೆ ತೂಗುತ್ತವೆ. 30 ಕೆಜಿ ಜೋಳದ ಚೀಲದಿಂದ ಒಂದು ಕಾಳು ತೆಗೆದರೆ ಅದು ತಕ್ಕಡಿಗೆ ತಿಳಿಯಬೇಕು, ಹಾಗೆ.

ಇಷ್ಟು ನಿಖರವಾಗಿ ತೂಗಿದ ಮೇಲೆ ಹೆಸರು ಹೇಳಲು ಕಷ್ಟವೇನು? ಲ್ಯೂಸೀನನ್ನೇ ನೋಡಿ. ಅದರ ತೂಕ ಅಣುಮಾನದಲ್ಲಿ 131. ಸ್ನಾಯುಗಳಲ್ಲಿರುವ ಕ್ರಿಯಾಟಿನ್‌ನದೂ 131. ಚರ್ಮ, ಮೂಳೆಗಳ ಕೊಲಾಜನ್‌ನಲ್ಲಿರುವ ಹೈಡ್ರಾಕ್ಸಿಪ್ರೋಲಿನ್‌ನದೂ 131. ಸಾಧಾರಣ ಯಂತ್ರಕ್ಕೆ ಮೂರೂ ಒಂದೇ. ದಶಮಾಂಶಕ್ಕೆ ಇಳಿದರೆ ಬೇರೆಯಾಗುತ್ತವೆ: ಲ್ಯೂಸೀನ್ 131.0946, ಕ್ರಿಯಾಟಿನ್ 131.0695, ಹೈಡ್ರಾಕ್ಸಿಪ್ರೋಲಿನ್ 131.0582. ಇಲ್ಲಿಗೆ ನಿಖರತೆ ಗೆದ್ದಿತು. ಆದರೆ ಐಸೊಲ್ಯೂಸೀನ್ ಎಂಬ ಇನ್ನೊಂದು ಅಮೈನೊ ಆಮ್ಲವೂ 131.0946, ಅಲೊಐಸೊಲ್ಯೂಸೀನ್ ಕೂಡ 131.0946. ಮೂರರಲ್ಲೂ ಅವೇ 6 ಕಾರ್ಬನ್, 13 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್. ಜೋಡಣೆ ಮಾತ್ರ ಬೇರೆ. ದಶಮಾಂಶದ ಮುಂದೆ ಎಷ್ಟು ಅಂಕೆ ಬರೆದರೂ ತೂಕದಿಂದ ಇವು ಬೇರೆಯಾಗುವುದಿಲ್ಲ.

ಬೇರೆ ಮಾಡಲೇಬೇಕೆ ಎಂದು ಕೇಳಬಹುದು. ಮೇಪಲ್ ಸಿರಪ್ ಯೂರಿನ್ ಎಂಬ ಹುಟ್ಟುರೋಗದಲ್ಲಿ ಕೂಸಿನ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಇರುತ್ತದೆ. ರಕ್ತದಲ್ಲಿ ಲ್ಯೂಸೀನ್ ಏರುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಮೊದಲ ಸುತ್ತಿನ ತಪಾಸಣೆಯಲ್ಲಿ ಯಂತ್ರ ಲ್ಯೂಸೀನ್, ಐಸೊಲ್ಯೂಸೀನ್‌ಗಳನ್ನೆಲ್ಲ ಒಟ್ಟಿಗೆ ಎಣಿಸಿ ಒಂದೇ ಅಂಕಿ ಕೊಡುತ್ತದೆ. ನಿರುಪದ್ರವಿ ಹೈಡ್ರಾಕ್ಸಿಪ್ರೋಲಿನ್ ಹೆಚ್ಚಿರುವ ಕೂಸಿಗೂ ಅದೇ ಅಂಕಿ ಏರಿ ತಾಯಿತಂದೆಯರ ಎದೆ ಒಡೆಸುವುದುಂಟು. ರೋಗವನ್ನು ಖಚಿತಪಡಿಸುವುದು ಅಲೊಐಸೊಲ್ಯೂಸೀನ್ ಇರುವಿಕೆ. ಒಂದು ತೂಕದ ಹಿಂದೆ ನಿಂತ ಐವರಲ್ಲಿ ಯಾರೆಂದು ತಿಳಿಯುವುದರ ಮೇಲೆ ಒಂದು ಮಗುವಿನ ಇಡೀ ಬದುಕು ನಿಂತಿದೆ.

ಜೋಳದ ರೊಟ್ಟಿ ಉಣ್ಣುವ ನಮ್ಮ ಸೀಮೆಗೆ ಲ್ಯೂಸೀನ್, ಐಸೊಲ್ಯೂಸೀನ್ ಎಂಬ ಎರಡು ಹೆಸರು ಹೊಸವಲ್ಲ. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದಿನ ಜತೆ ಒಂದೇ ರಾಜ್ಯದಲ್ಲಿದ್ದವು, ಉಣಿಸೂ ಒಂದೇ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ, ಬಂದೊಡನೆ ಎದುರಿಸಿದ ಪ್ರಶ್ನೆಗಳಲ್ಲೊಂದು ಪೆಲಾಗ್ರ. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವ, ಮನಸ್ಸನ್ನೂ ಕುಂದಿಸುವ ಈ ರೋಗ ಬೇರೆ ದೇಶಗಳಲ್ಲಿ ಮೆಕ್ಕೆಜೋಳ ಉಣ್ಣುವ ಬಡವರದು. ದಖ್ಖನ್ನಿನಲ್ಲಿ ಜೋಳ ಉಣ್ಣುವ ಬಡವರದು. ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆರಳು ತೋರಿಸಿದ್ದು ಜೋಳದಲ್ಲಿ ಹೇರಳವಾಗಿರುವ ಲ್ಯೂಸೀನಿನ ಕಡೆಗೆ. ಅದರ ಕಾಟವನ್ನು ಐಸೊಲ್ಯೂಸೀನ್ ತಗ್ಗಿಸಬಲ್ಲದು ಎಂದು 1971ರಲ್ಲಿ ಕಮಲಾ ಕೃಷ್ಣಸ್ವಾಮಿ ಮತ್ತು ಗೋಪಾಲನ್ ಬರೆದರು. ಈ ವಾದದ ಮೇಲೆ ಮುಂದೆ ಬಹಳ ಚರ್ಚೆ ನಡೆಯಿತು, ಎಲ್ಲರೂ ಒಪ್ಪಲಿಲ್ಲ. ಆದರೂ ಗಮನಿಸಿ: ಒಂದು ಕೆಡಿಸುವುದು, ಇನ್ನೊಂದು ಸರಿಪಡಿಸುವುದು ಎಂದು ಅವರು ಹೇಳಿದ ಎರಡು ವಸ್ತುಗಳ ನಡುವೆ ತೂಕದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಇವನ್ನು ಬೇರ್ಪಡಿಸುವ ದಾರಿ ಎರಡು. ಒಂದು, ಒಡೆದು ನೋಡುವುದು. ಲ್ಯೂಸೀನ್, ಐಸೊಲ್ಯೂಸೀನ್ ಎರಡೂ ಮೊದಲು 86 ತೂಕದ ಚೂರನ್ನೇ ಕೊಡುತ್ತವೆ. ಇನ್ನೂ ಬಲವಾಗಿ ಒಡೆದಾಗ ಐಸೊಲ್ಯೂಸೀನಿನಲ್ಲಿ 69ರ ಚೂರು ಎದ್ದು ಕಾಣುತ್ತದೆ, ಲ್ಯೂಸೀನಿನಲ್ಲಿ ಕಾಣುವುದಿಲ್ಲ ಎನ್ನಬಹುದು. ಇನ್ನೊಂದು, ಯಂತ್ರಕ್ಕೆ ಹೋಗುವ ಮುನ್ನ ಕಾಲಂ ಎಂಬ ಕೊಳವೆಯಲ್ಲಿ ಹರಿಸಿ ಯಾವುದು ಎಷ್ಟು ನಿಮಿಷಕ್ಕೆ ಹೊರಬರುತ್ತದೆ ಎಂದು ನೋಡುವುದು. ಅಲೊಐಸೊಲ್ಯೂಸೀನ್ ಸಿಗುವುದು ಈ ಎರಡನೆಯ ದಾರಿಯಲ್ಲಿ. 69ರ ಚೂರು ಐಸೊಲ್ಯೂಸೀನಿನದು ಎಂದು ನಮಗೆ ಗೊತ್ತಾದದ್ದು ಹೇಗೆ? ಹಿಂದೊಮ್ಮೆ ಯಾರೋ ಶುದ್ಧ ಐಸೊಲ್ಯೂಸೀನನ್ನು ಸೀಸೆಯಿಂದ ತೆಗೆದು, ಕರಗಿಸಿ, ಯಂತ್ರಕ್ಕೆ ಕೊಟ್ಟು, ಬಂದ ರೋಹಿತವನ್ನು ಹೆಸರು ಹಾಕಿ ಬರೆದಿಟ್ಟಿದ್ದರಿಂದ. ಲ್ಯಾಬಿನವರು ಆ ಶುದ್ಧ ವಸ್ತುವಿಗೆ ಸ್ಟ್ಯಾಂಡರ್ಡ್ ಎನ್ನುತ್ತಾರೆ, ಬರೆದಿಟ್ಟ ರೋಹಿತಗಳ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ಯಂತ್ರಕ್ಕೆ ಹೆಸರುಗಳು ಗೊತ್ತಿಲ್ಲ. ಲೈಬ್ರರಿಯಲ್ಲಿ ಇಲ್ಲದ ವಸ್ತು ಎದುರಿಗೇ ಇದ್ದರೂ ಅನಾಮಿಕವೇ. 2007ರಲ್ಲಿ ಈ ಕ್ಷೇತ್ರದವರು ಒಪ್ಪಿಕೊಂಡ ನಿಯಮದಂತೆ, ಸ್ಟ್ಯಾಂಡರ್ಡನ್ನು ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಓಡಿಸಿ, ಕನಿಷ್ಠ ಎರಡು ಬೇರೆ ಬೇರೆ ಗುಣಗಳು ತಾಳೆಯಾದಾಗ ಮಾತ್ರ ಗುರುತು ಮೊದಲ ದರ್ಜೆಯದು. ಉಳಿದದ್ದೆಲ್ಲ ಹೆಚ್ಚುಕಡಿಮೆ ನಂಬಿಕೆಯ ಊಹೆ.

ಐದು ಹೆಸರಿಗೇ ಇಷ್ಟು ಪಾಡಾದರೆ ಮುಂದಿನ ಲೆಕ್ಕ ಕೇಳಿ. 10 ಕಾರ್ಬನ್, 22 ಹೈಡ್ರೋಜನ್ ಕೊಟ್ಟರೆ ಅವನ್ನು 75 ಬಗೆಯಲ್ಲಿ ಜೋಡಿಸಬಹುದು. ಎಲ್ಲದರ ತೂಕ ಒಂದೇ. 20 ಕಾರ್ಬನ್ ಆದರೆ 3,66,319 ಬಗೆ. 30 ಕಾರ್ಬನ್ ಆದರೆ 411 ಕೋಟಿ 18 ಲಕ್ಷ 46 ಸಾವಿರದ 763 ಬಗೆ. ಒಂದೇ ತೂಕಕ್ಕೆ ಇಷ್ಟು ಹಕ್ಕುದಾರರು, ಅದೂ ಕಾರ್ಬನ್, ಹೈಡ್ರೋಜನ್ ಎರಡನ್ನೇ ಇಟ್ಟುಕೊಂಡು. ಪ್ರಕೃತಿ ಇವನ್ನೆಲ್ಲ ಮಾಡುವುದಿಲ್ಲ, ನಮ್ಮ ಪುಣ್ಯ. ಆದರೆ ಯಾವುದನ್ನು ಮಾಡುತ್ತದೆ ಎಂದು ತೂಕ ಒಂದರಿಂದಲೇ ಹೇಳಲಾಗದು.

ಸಣ್ಣ ದಶಮಾಂಶದ ಬೆಲೆ ಎಷ್ಟೆಂಬುದು ಔಷಧ ತಯಾರಿಕೆಯ ಊರಾದ ಹೈದರಾಬಾದಿಗೆ ಚೆನ್ನಾಗಿ ಗೊತ್ತು. ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶ 2018ರಲ್ಲಿ ಪತ್ತೆಯಾದ ಮೇಲೆ ದಿನಕ್ಕೆ 96 ನ್ಯಾನೊಗ್ರಾಂ ದಾಟಬಾರದು ಎಂಬ ಮಿತಿ ಬಂತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗಳ ಮೇಲೂ ಸಂಶಯ ಬಿದ್ದಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು 2020ರಲ್ಲಿ ಒಂದು ಎಚ್ಚರಿಕೆಯ ಲೇಖನ ಬರೆದರು. ಡಿಎಂಎಫ್ ಎಂಬ ದ್ರಾವಕದಲ್ಲಿ ಸಾವಿರಕ್ಕೆ ಮೂರು ನಾಲ್ಕು ಅಣುಗಳಲ್ಲಿ ನೈಟ್ರೋಜನ್ ತುಸು ಭಾರದ್ದಿರುತ್ತದೆ. ಆ ಭಾರದ ಅಣು ಆವೇಶ ಪಡೆದಾಗ 75.0571 ತೂಗುತ್ತದೆ, ಎನ್‌ಡಿಎಂಎ 75.0553. ನಡುವಿನ 0.0018ನ್ನು ಗಮನಿಸದ ಪರೀಕ್ಷೆ, ಕಲ್ಮಶ ಇರುವುದಕ್ಕಿಂತ ಹೆಚ್ಚಿದೆ ಎಂದು ತೋರಿಸಿತ್ತು. ಕೋಟ್ಯಂತರ ಜನ ದಿನಾ ನುಂಗುವ ಮಾತ್ರೆಯ ವಿಷಯ ಇದು.

ಲೈಬ್ರರಿಗಳು ಎಷ್ಟು ದೊಡ್ಡವು? ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಮೆಟ್ಲಿನ್ 2020ರ ಹೊತ್ತಿಗೆ 8.5 ಲಕ್ಷ ಅಣುಗಳ ಸ್ಟ್ಯಾಂಡರ್ಡ್‌ಗಳನ್ನು ಒಂದೊಂದಾಗಿ, ಬೇರೆ ಬೇರೆ ಬಲದಲ್ಲಿ ಒಡೆದು ದಾಖಲಿಸಿತ್ತು. ಮನುಷ್ಯರ ಕೈಕೆಲಸವಾಗಿ ನೋಡಿದರೆ ಇದು ಬೆರಗುಗೊಳಿಸುವ ಅಂಕಿ. ಪಬ್‌ಕೆಮ್ ಎಂಬ ರಾಸಾಯನಿಕ ಕೋಶದಲ್ಲಿ ಹೆಸರಿಸಲಾದ ಸಂಯುಕ್ತಗಳು 11 ಕೋಟಿಗೂ ಹೆಚ್ಚು; ಅದರ ಪಕ್ಕದಲ್ಲಿಟ್ಟರೆ ನೂರಕ್ಕೆ ಒಂದೂ ಆಗಲಿಲ್ಲ. ಮಾನವ ದೇಹದ ಮೆಟಬೊಲೈಟ್ ಕೋಶ 2007ರಲ್ಲಿ 2,180 ಹೆಸರುಗಳಿಂದ ಶುರುವಾಗಿ 2022ರಲ್ಲಿ 2,17,920ಕ್ಕೆ ಏರಿತು. ಅದರಲ್ಲಿ ಬಹುಪಾಲು ಇರಬಹುದೆಂದು ನಿರೀಕ್ಷಿಸಿದವು, ಕಂಡು ಅಳೆದವಲ್ಲ. ಪೀಟರ್ ಡೊರೆಸ್ಟೀನ್ ಮತ್ತು ಸಂಗಡಿಗರು 2015ರಲ್ಲಿ ಹೇಳಿದ ಅಂಕಿಯೊಂದು ನನ್ನನ್ನು ಬಿಟ್ಟಿಲ್ಲ: ಗುರಿ ಹಾಕದೆ ಎಲ್ಲವನ್ನೂ ನೋಡುವ ಪ್ರಯೋಗವೊಂದರಲ್ಲಿ ಬರುವ ರೋಹಿತಗಳಲ್ಲಿ ಸರಾಸರಿ ನೂರಕ್ಕೆ 1.8ಕ್ಕೆ ಮಾತ್ರ ಹೆಸರು ಹೇಳಬಹುದು. ಉಳಿದವುಗಳಲ್ಲಿ ಸಾಕಷ್ಟು ಪಾಲು ಯಂತ್ರದೊಳಗೇ ಒಡೆದ ಚೂರುಗಳಿರಬೇಕು ಎಂಬ ವಾದ ಈಚೆಗೆ ಬಲವಾಗಿದೆ, ಅದು ನ್ಯಾಯವಾದ ವಾದವೂ ಹೌದು. ಅದನ್ನು ಕಳೆದ ಮೇಲೂ ಹೆಸರಿಲ್ಲದವು ಬಹಳ.

ಅನ್ನದ ಮಾತಿಗೆ ಬರೋಣ. ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕಗಳಲ್ಲಿ ದೇಶದ ಆರು ವಲಯಗಳಿಂದ ತಂದ 528 ಆಹಾರಗಳ 151 ಘಟಕಗಳನ್ನು ಅಳೆದಿದ್ದಾರೆ. ಈ ದೇಶದ ಹೆಮ್ಮೆಯ ಕೆಲಸಗಳಲ್ಲಿ ಅದೊಂದು ಎಂದು ನಾನು ನಂಬಿದ್ದೇನೆ. ಹಾಗಿದ್ದೂ, ಬೆಳ್ಳುಳ್ಳಿಯ ವಿಷಯದಲ್ಲಿ ಅಮೆರಿಕದ ಸರ್ಕಾರಿ ಕೋಷ್ಟಕ ಅಳೆಯುವುದು 67 ಘಟಕಗಳನ್ನು, ಫೂಡಿಬಿ ಎಂಬ ಕೋಶದಲ್ಲಿ ಅದೇ ಬೆಳ್ಳುಳ್ಳಿಗೆ 2,306 ರಾಸಾಯನಿಕಗಳಿವೆ ಎಂದು 2019ರ ಲೇಖನವೊಂದು ತೋರಿಸಿತು. ಬೆಳ್ಳುಳ್ಳಿ ಜಗತ್ತೆಲ್ಲ ತಿನ್ನುವ ವಸ್ತು, ನೋಡುವವರು ಬಹಳ. ಮಾಲದಂಡಿ ಜೋಳ, ಪುಂಡಿಪಲ್ಲೆ, ಗುರೆಳ್ಳುಗಳನ್ನು ನಾವಲ್ಲದೆ ಯಾರು ನೋಡಬೇಕು? ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಇಂಪ್ಪಾಟ್ ಕೋಶ ಭಾರತದ 4,010 ಔಷಧ ಸಸ್ಯಗಳ 17,967 ರಾಸಾಯನಿಕಗಳ ಹೆಸರುಗಳನ್ನು ಪುಸ್ತಕ, ಲೇಖನಗಳಿಂದ ಕಲೆಹಾಕಿದೆ. ಹೆಸರು ಸಿಕ್ಕಿತು. ರೋಹಿತ ಬರೆಯಲು ಶುದ್ಧ ವಸ್ತುವೇ ಕೈಯಲ್ಲಿರಬೇಕು, ಎಷ್ಟೋ ವಸ್ತುಗಳು ಹಣ ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ.

ಆದರೆ ಅಂಥ ವಸ್ತುಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ವರ್ಷವೂ ಹುಟ್ಟುತ್ತವೆ. ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬ ಗಿಡದ ಬೇರು ತಂದು, ಅರೆದು, ತಿಂಗಳುಗಟ್ಟಲೆ ಕಾಲಂ ಓಡಿಸಿ ಕೆಲವು ಮಿಲಿಗ್ರಾಂ ಶುದ್ಧ ಸಂಯುಕ್ತ ತೆಗೆಯುತ್ತಾನೆ. ಹೈದರಾಬಾದಿನ ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿರುವ (ಐಐಸಿಟಿ) ರಾಷ್ಟ್ರೀಯ ಮಾಸ್ ಸ್ಪೆಕ್ಟ್ರೋಮೆಟ್ರಿ ಕೇಂದ್ರದಂಥ ಕಡೆ ಮಾದರಿ ಕಳಿಸಿದರೆ ರೋಹಿತ ಬರುತ್ತದೆ. ಆ ರೋಹಿತ ಪ್ರಬಂಧದ ಕೊನೆಯ ಪುಟಗಳಲ್ಲಿ ಚಿತ್ರವಾಗಿ ಅಚ್ಚಾಗಿ ಕಪಾಟು ಸೇರಿದರೆ ಯಾವ ಯಂತ್ರವೂ ಅದನ್ನು ಓದಲಾರದು. ಜಪಾನಿನಲ್ಲಿ 2006ರಲ್ಲಿ ಶುರುವಾದ ಮಾಸ್‌ಬ್ಯಾಂಕ್, 2016ರಲ್ಲಿ ಪ್ರಕಟವಾದ ಜಿಎನ್‌ಪಿಎಸ್, ಎರಡೂ ಮುಕ್ತ ಲೈಬ್ರರಿಗಳು. ಯಾರು ಬೇಕಾದರೂ ರೋಹಿತ ಸೇರಿಸಬಹುದು, ಹಣ ಕೊಡದೆ ಹುಡುಕಬಹುದು. ಕಲಬುರಗಿ, ಧಾರವಾಡ, ಮೈಸೂರು, ಬೆಂಗಳೂರಿನ ಮಾರ್ಗದರ್ಶಕರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ: ಪ್ರಬಂಧ ಒಪ್ಪಿಸುವ ವಾರವೇ ಅದರ ರೋಹಿತಗಳನ್ನು, ಗಿಡದ ಹೆಸರು ಮತ್ತು ಕಾಲಂನ ವಿವರದ ಸಮೇತ, ಈ ಲೈಬ್ರರಿಗಳಿಗೂ ಒಪ್ಪಿಸಿ.