ಓದಿದವರ ಎರಡು ಮಾತು

ಸಂಘದ ವಾರ್ಷಿಕ ಸಂಚಿಕೆ ಕೈಸೇರಿದ ದಿನ ನಾವು ಏನು ಮಾಡುತ್ತೇವೆಂಬುದನ್ನು ಸ್ವಲ್ಪ ಆಲೋಚಿಸಬೇಕು. ಮೊದಲು ಭಾವಚಿತ್ರಗಳ ಪುಟಗಳನ್ನು ತಿರುವುತ್ತೇವೆ. ಅನಂತರ ನಮ್ಮ ಮಕ್ಕಳ ಹೆಸರು ಎಲ್ಲಿ ಅಚ್ಚಾಗಿದೆಯೆಂದು ಹುಡುಕುತ್ತೇವೆ. ಪರಿಚಿತರ ಜಾಹೀರಾತುಗಳ ಮೇಲೆ ಕಣ್ಣು ಹಾಯಿಸಿ, ಭಾನುವಾರ ವಿರಾಮ ದೊರೆತಾಗ ಲೇಖನಗಳನ್ನು ಓದುತ್ತೇವೆ. ಒಂದೆರಡು ಲೇಖನಗಳು ನಿಜವಾಗಿಯೂ ಮನಸ್ಸಿಗೆ ಹಿಡಿಸುತ್ತವೆ. ‘ಚೆನ್ನಾಗಿ ಬರೆದಿದ್ದಾರೆ’ ಎಂದು ನಮ್ಮಷ್ಟಕ್ಕೆ ನಾವು ಹೇಳಿಕೊಂಡು ಸಂಚಿಕೆಯನ್ನು ಕಪಾಟಿನಲ್ಲಿ ಇಡುತ್ತೇವೆ. ಆ ಮಾತು ಬರೆದವರ ಕಿವಿಗೆ ಮುಟ್ಟುವುದೇ ಇಲ್ಲ.

ಇಂತಹ ಸಂಚಿಕೆಗೆ ಬರೆಯುವವರು ಯಾರು? ವೃತ್ತಿಯಿಂದ ಸಾಹಿತಿಗಳಾದವರು ವಿರಳ. ಹಜೀರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಇಂಜಿನಿಯರರು, ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡ ಗೃಹಿಣಿಯರು, ನಿವೃತ್ತರಾದ ಬ್ಯಾಂಕ್ ನೌಕರರು, ರೋಗಿಗಳ ಸಾಲು ಕರಗಿದ ಮೇಲೆ ಲೇಖನಿ ಹಿಡಿಯುವ ವೈದ್ಯರು. ಇವರೇ ನಮ್ಮ ಲೇಖಕರು. ಜಾಹೀರಾತು ಕೊಟ್ಟವರಿಗೆ ಪುಟ ದೊರೆಯುತ್ತದೆ, ಮುದ್ರಕರಿಗೆ ಹಣ ಸಲ್ಲುತ್ತದೆ. ಬರೆದವರಿಗೆ ಸಲ್ಲಬೇಕಾದ ಸಂಭಾವನೆಯೆಂದರೆ ಓದಿದವರ ಎರಡು ಮಾತು. ಅದೂ ದೊರೆಯದಿದ್ದರೆ ಮರುವರ್ಷ ಸಂಪಾದಕರು ಲೇಖನ ಕೇಳಿದಾಗ ‘ಈ ಸಲ ಬಿಡುವಿಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವೇನಿದೆ?

ನಮ್ಮ ಪರಂಪರೆ ಓದುಗನನ್ನು ಎಂದೂ ಮೂಕ ಪ್ರೇಕ್ಷಕನೆಂದು ಎಣಿಸಿಲ್ಲ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕವಿಗೆ ಎಷ್ಟು ಗೌರವವಿದೆಯೋ ಸಹೃದಯನಿಗೂ ಅಷ್ಟೇ ಗೌರವವಿದೆ. ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದರ ಮರ್ಮ ಚೆನ್ನಾಗಿ ಗೊತ್ತು. ಎದುರಿನ ಅರ್ಥಧಾರಿ ತಕ್ಕ ಉತ್ತರ ಕೊಟ್ಟಾಗಲೇ ಮೊದಲನೆಯವರ ಮಾತು ಕಳೆಗಟ್ಟುತ್ತದೆ. ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಹಾಡುಗಳಲ್ಲಿಯೂ ಸವಾಲಿಗೆ ಜವಾಬು ಬಾರದಿದ್ದರೆ ಆಟವೇ ಮುಂದುವರಿಯದು.

ನಮ್ಮ ಊರೇ ಕಲಿಸುವ ಪಾಠ

ಈ ವಿಷಯದಲ್ಲಿ ನಾವು ದೂರ ಹೋಗಬೇಕಾಗಿಲ್ಲ. ನಮಗೆ ಅನ್ನ ಕೊಟ್ಟಿರುವ ಈ ಸೂರತ್ ನಗರದಲ್ಲಿಯೇ 1863ರಲ್ಲಿ ಆರಂಭವಾದ ‘ಗುಜರಾತ್‌ಮಿತ್ರ’ ಪತ್ರಿಕೆಯು ಇಂದಿಗೂ ಹೊರಬರುತ್ತಿದೆ. ದೇಶದ ಅತ್ಯಂತ ಹಳೆಯ ಪತ್ರಿಕೆಗಳಲ್ಲಿ ಅದೂ ಒಂದು. ಓದುಗರು ಪತ್ರಿಕೆಗೆ ಬರೆಯುವ ಕಾಗದಕ್ಕೆ ಗುಜರಾತಿಯಲ್ಲಿ ‘ಚರ್ಚಾಪತ್ರ’ವೆಂಬ ಸೊಗಸಾದ ಹೆಸರಿದೆ, ಬರೆಯುವವರನ್ನು ‘ಚರ್ಚಾಪತ್ರಿ’ ಎನ್ನುತ್ತಾರೆ. ಪತ್ರ ಬರೆಯುವುದನ್ನೇ ಒಂದು ಹವ್ಯಾಸವಾಗಿ, ಒಂದು ಪೌರಕರ್ತವ್ಯವಾಗಿ ನಡೆಸಿಕೊಂಡು ಬಂದ ಜನ ಇಲ್ಲಿದ್ದಾರೆ. ನೆರೆಹೊರೆಯ ಗುಜರಾತಿ ಹಿರಿಯರು ಬೆಳಗಿನ ಚಹಾದೊಡನೆ ಮೊದಲು ಚರ್ಚಾಪತ್ರಗಳ ಅಂಕಣವನ್ನೇ ತೆರೆಯುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು.

ಓದುಗನಿಗೆ ಇಷ್ಟು ಮನ್ನಣೆ ಕೊಟ್ಟವರಲ್ಲಿ ಗುಜರಾತಿನ ಮಹಾಪುರುಷರಾದ ಗಾಂಧೀಜಿಯವರೇ ಮುಖ್ಯರು. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಡಗಿನಲ್ಲಿ ಹೋಗುತ್ತ ಅವರು ‘ಹಿಂದ್ ಸ್ವರಾಜ್’ ಕೃತಿಯನ್ನು ಗುಜರಾತಿಯಲ್ಲಿ ಬರೆದರು. ಅದು ಇಬ್ಬರ ಸಂವಾದ. ಒಬ್ಬ ‘ವಾಚಕ’, ಇನ್ನೊಬ್ಬ ‘ಅಧಿಪತಿ’, ಎಂದರೆ ಪತ್ರಿಕೆಯ ಸಂಪಾದಕ. ವಾಚಕನು ತಲೆದೂಗುವವನಲ್ಲ, ಆಕ್ಷೇಪಿಸುತ್ತಾನೆ, ರೇಗುತ್ತಾನೆ, ಮತ್ತೆ ಮತ್ತೆ ಕೇಳುತ್ತಾನೆ. ಅವನ ಪ್ರಶ್ನೆಗಳನ್ನು ತೆಗೆದುಹಾಕಿದರೆ ಆ ಪುಸ್ತಕವೇ ನಿಲ್ಲುವುದಿಲ್ಲ. 1919ರಿಂದ ಅಹಮದಾಬಾದಿನಲ್ಲಿ ‘ನವಜೀವನ’ ವಾರಪತ್ರಿಕೆಯನ್ನು ನಡೆಸಿದಾಗಲೂ ಗಾಂಧೀಜಿಯವರು ಓದುಗರ ಸಂದೇಹಗಳನ್ನು ಎತ್ತಿಕೊಂಡು ಪತ್ರಿಕೆಯಲ್ಲಿಯೇ ಉತ್ತರಿಸುತ್ತಿದ್ದರು.

ಕನ್ನಡವೂ ಈ ಸಂಪ್ರದಾಯಕ್ಕೆ ಹೊರತಲ್ಲ. 1948ರಲ್ಲಿ ಪ್ರಾರಂಭವಾದ ‘ಪ್ರಜಾವಾಣಿ’ಯ ‘ವಾಚಕರ ವಾಣಿ’ ಅಂಕಣವನ್ನು ಅರಿಯದ ಕನ್ನಡಿಗರು ಕಡಿಮೆ. ಶಿವರಾಮ ಕಾರಂತರು ಅಷ್ಟೊಂದು ಕಾರ್ಯಭಾರದ ನಡುವೆಯೂ ಓದುಗರ ಕಾಗದಗಳಿಗೆ ಚುಟುಕಾಗಿಯಾದರೂ ಸರಿ, ತಾವೇ ಉತ್ತರ ಬರೆಯುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಓದುಗನ ಪತ್ರಕ್ಕೆ ಬೆಲೆಯಿಲ್ಲವೆಂದು ಅವರಿಗೆ ತೋರಿದ್ದರೆ ಆ ಶ್ರಮವನ್ನು ಏಕೆ ವಹಿಸುತ್ತಿದ್ದರು?

ಒಬ್ಬ ಓದುಗನ ಅಭಿಪ್ರಾಯ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕುವೆಂಪು ಅವರ ಜೀವನದಲ್ಲಿಯೇ ನಿದರ್ಶನವಿದೆ. ವಿದ್ಯಾರ್ಥಿಯಾಗಿದ್ದಾಗ ಅವರು ಇಂಗ್ಲಿಷಿನಲ್ಲಿ ಕವಿತೆಗಳನ್ನು ರಚಿಸುತ್ತಿದ್ದರು. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಕಿರುಹೊತ್ತಗೆಯೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಮೈಸೂರಿಗೆ ಬಂದಿದ್ದಾಗ ತರುಣ ಪುಟ್ಟಪ್ಪನವರು ತಮ್ಮ ಕವಿತೆಗಳನ್ನು ಅವರಿಗೆ ತೋರಿಸಿದರು. ಕಸಿನ್ಸ್ ಓದಿ, ಮಾತೃಭಾಷೆಯಲ್ಲಿಯೇ ಬರೆಯುವಂತೆ ಸಲಹೆ ನೀಡಿದರು. 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾಯಿತು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ ಅದು. ಇಷ್ಟಾಗಿ, ಆ ಅಭಿಪ್ರಾಯ ಕೊಟ್ಟವರಿಗೆ ಕನ್ನಡ ಬಾರದು.

ಸಣ್ಣ ಪತ್ರ, ದೊಡ್ಡ ಫಲ

ಈ ಸಂಚಿಕೆಯಲ್ಲಿ ಆರೋಗ್ಯ ಲೇಖನಗಳಿಗೆ ಪ್ರಾಶಸ್ತ್ಯವಿರುವುದರಿಂದ ವೈದ್ಯಲೋಕದ ಒಂದು ಘಟನೆಯನ್ನು ಇಲ್ಲಿ ನೆನೆಯುವುದು ಉಚಿತ. ಥಾಲಿಡೊಮೈಡ್ ಎಂಬ ಔಷಧವನ್ನು 1950ರ ದಶಕದ ಕೊನೆಯಲ್ಲಿ ಯುರೋಪಿನ ದೇಶಗಳಲ್ಲಿ ನಿದ್ರೆಗಾಗಿಯೂ ಗರ್ಭಿಣಿಯರ ವಾಂತಿಯ ಶಮನಕ್ಕಾಗಿಯೂ ನಿರಾತಂಕವಾಗಿ ಕೊಡುತ್ತಿದ್ದರು. 1960ರ ಡಿಸೆಂಬರ್ 31ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಸಂಚಿಕೆಯಲ್ಲಿ ಲೆಸ್ಲಿ ಫ್ಲಾರೆನ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯರ ಪತ್ರವೊಂದು ಅಚ್ಚಾಯಿತು. ಅವರು ಸಂಶೋಧಕರಲ್ಲ, ಸಾಮಾನ್ಯ ವೈದ್ಯವೃತ್ತಿ ನಡೆಸುತ್ತಿದ್ದವರು. ಬರೆದದ್ದೂ ಪ್ರಬಂಧವಲ್ಲ, ಚಿಕ್ಕದೊಂದು ಕಾಗದ. ಈ ಔಷಧವನ್ನು ದೀರ್ಘಕಾಲ ಸೇವಿಸಿದ ತಮ್ಮ ಕೆಲವು ರೋಗಿಗಳಲ್ಲಿ ಕೈಕಾಲು ಜೋಮು ಹಿಡಿಯುವುದನ್ನು ಕಂಡಿರುವುದಾಗಿಯೂ, ಇದಕ್ಕೆ ಆ ಔಷಧವೇ ಕಾರಣವಿರಬಹುದೇ ಎಂದೂ ಅವರು ಕೇಳಿದ್ದರು.

ಅಮೆರಿಕದ ಔಷಧ ನಿಯಂತ್ರಣ ಇಲಾಖೆಯಲ್ಲಿ ಆಗ ಡಾ. ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯು ಇದೇ ಔಷಧದ ಅರ್ಜಿಯನ್ನು ಪರಿಶೀಲಿಸುತ್ತಿದ್ದರು. 1961ರ ಆರಂಭದಲ್ಲಿ ಈ ಪತ್ರ ಅವರ ಕಣ್ಣಿಗೆ ಬಿದ್ದಿತು. ನರಗಳಿಗೆ ಹಾನಿಮಾಡುವ ಔಷಧ ಗರ್ಭಸ್ಥ ಶಿಶುವಿಗೆ ನಿರಪಾಯವೆಂಬುದಕ್ಕೆ ಆಧಾರವೇನೆಂದು ಅವರು ಪಟ್ಟುಹಿಡಿದು ಕೇಳಿದರು. ಅನುಮತಿ ದೊರೆಯಲಿಲ್ಲ. ಆ ವರ್ಷದ ಅಂತ್ಯದೊಳಗೆ ಔಷಧದ ಘೋರ ಪರಿಣಾಮ ಬಯಲಿಗೆ ಬಂತು. ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಶಿಶುಗಳು ಮೊಟಕಾದ ಕೈಕಾಲುಗಳು ಮೊದಲಾದ ಅಂಗವೈಕಲ್ಯದೊಡನೆ ಹುಟ್ಟಿದವೆಂದು ಅಂದಾಜು. ಅಮೆರಿಕದಲ್ಲಿ ಅಂತಹ ಮಕ್ಕಳ ಸಂಖ್ಯೆ ತೀರ ಅಲ್ಪ. 1962ರಲ್ಲಿ ಅಧ್ಯಕ್ಷ ಕೆನಡಿಯವರು ಕೆಲ್ಸಿಯವರನ್ನು ಸನ್ಮಾನಿಸಿದರು. ಹಳ್ಳಿಗಾಡಿನ ವೈದ್ಯರೊಬ್ಬರು ‘ನನ್ನ ಮಾತಿಗೆ ಬೆಲೆಯೇನು?’ ಎಂದು ಸುಮ್ಮನಿದ್ದಿದ್ದರೆ ಕೆಲ್ಸಿಯವರ ಕೈಗೆ ಆ ಸುಳಿವು ಅಷ್ಟು ಬೇಗ ಸಿಗುತ್ತಿರಲಿಲ್ಲ.

ನಮ್ಮ ಕಾಗದಗಳಿಂದ ಇಂತಹ ಮಹತ್ಕಾರ್ಯ ಆಗದಿರಬಹುದು. ಆದರೆ ಮಧುಮೇಹದ ಮೇಲೆ ವೈದ್ಯರೊಬ್ಬರು ಲೇಖನ ಬರೆದರೆಂದಿಟ್ಟುಕೊಳ್ಳೋಣ. ‘ಇಲ್ಲಿಯ ದಾಳಿಗೂ ಪಲ್ಯಕ್ಕೂ ಬೆಲ್ಲ ಬೆರೆಸುತ್ತಾರಲ್ಲ, ಊಟಕ್ಕೆ ಕರೆದಾಗ ನಾವು ಏನು ಮಾಡಬೇಕು?’ ಎಂದು ಓದುಗರೊಬ್ಬರು ಬರೆದು ಕೇಳಿದರೆ, ಆ ಪ್ರಶ್ನೆಯು ನೂರು ಮನೆಗಳ ಪ್ರಶ್ನೆಯಾಗಿರುತ್ತದೆ. ಮುಂದಿನ ವರ್ಷದ ಲೇಖನವು ಆ ಪ್ರಶ್ನೆಯಿಂದಲೇ ಹುಟ್ಟಬಹುದು.

ಬರೆದವರಿಗೂ ಲಾಭವುಂಟು

ಮೆಚ್ಚುಗೆ ಬರೆಯಲು ನಾವು ಸಂಕೋಚಪಡುವುದೇಕೆ? ಅವರು ಏನೆಂದುಕೊಳ್ಳುವರೋ ಎಂಬ ಅಳುಕು, ನನ್ನ ಬರವಣಿಗೆ ಚೆನ್ನಾಗಿಲ್ಲವೆಂಬ ಹಿಂಜರಿಕೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಮನೋವಿಜ್ಞಾನಿಗಳು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಕೃತಜ್ಞತೆಯ ಪತ್ರ ಬರೆದವರು, ಅದು ತಲುಪಿದಾಗ ಆಗುವ ಸಂತೋಷವನ್ನು ನಿಜವಾದದ್ದಕ್ಕಿಂತ ಕಡಿಮೆಯಾಗಿಯೂ, ಮುಜುಗರವನ್ನು ಹೆಚ್ಚಾಗಿಯೂ ಊಹಿಸಿದ್ದರು. ಪಡೆದವರು ಭಾಷೆಯ ನಯವನ್ನು ನೋಡಲಿಲ್ಲ. ಪತ್ರದ ಹಿಂದಿನ ಆತ್ಮೀಯತೆಯನ್ನು ಕಂಡರು. ಹಾಗಾದರೆ ನಮ್ಮ ಅಳುಕಿಗೆ ಆಧಾರವಿಲ್ಲ.

ಊರು ಬಿಟ್ಟು ಬಂದವರಿಗೆ ಏಕಾಕಿತನವು ಸಣ್ಣ ಕಾಯಿಲೆಯಲ್ಲ. ಮಕ್ಕಳು ಬೇರೆ ಊರುಗಳಿಗೆ ಹೋದ ಮೇಲೆ ಅಡಾಜಣದ ಫ್ಲ್ಯಾಟಿನಲ್ಲಿ ಇಬ್ಬರೇ ಉಳಿದ ಹಿರಿಯರಿಗೆ ಇದು ಗೊತ್ತು. 3 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಬಲವಾದ ಸಾಮಾಜಿಕ ಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂದಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯಕ್ಕಾಗಿಯೇ ಒಂದು ಆಯೋಗವನ್ನು ನೇಮಿಸಿತು. ಒಂದು ಕಾಗದದಿಂದ ಆಯುಸ್ಸು ವೃದ್ಧಿಯಾಗುವುದೆಂದು ಯಾರೂ ಹೇಳುವುದಿಲ್ಲ. ಆದರೆ ಸ್ನೇಹದ ಬಾಗಿಲು ಹೆಚ್ಚಾಗಿ ಇಂತಹ ಒಂದು ಮಾತಿನಿಂದಲೇ ತೆರೆಯುತ್ತದೆ. ಸಂಚಿಕೆಯಲ್ಲಿ ಹೆಸರು ಮಾತ್ರ ಕಂಡಿದ್ದವರು, ಎರಡು ಸಾಲು ಬರೆದ ಮೇಲೆ ಯುಗಾದಿಯ ಸಮಾರಂಭದಲ್ಲಿ ಹುಡುಕಿಕೊಂಡು ಬಂದು ಮಾತನಾಡಿಸುತ್ತಾರೆ.

ಬರೆಯುವ ಬಗೆ

ದೀರ್ಘವಾಗಿ ಬರೆಯಬೇಕಾಗಿಲ್ಲ. ಆದರೆ ‘ಲೇಖನ ಚೆನ್ನಾಗಿದೆ’ ಎಂದಷ್ಟೇ ಬರೆದರೆ ಅದು ಯಾವ ಲೇಖನಕ್ಕಾದರೂ ಒಪ್ಪುತ್ತದೆ. ಯಾವ ಮಾತು ಹಿಡಿಸಿತು, ಯಾವುದು ಹೊಸದೆನಿಸಿತು ಎಂದು ಹೆಸರಿಸಿ ಬರೆಯಬೇಕು. ನಮ್ಮ ಅನುಭವವೊಂದಿದ್ದರೆ ಸೇರಿಸಬೇಕು. ತಿಳಿಯದಿದ್ದುದನ್ನು ಕೇಳಬೇಕು. ತಪ್ಪು ಕಂಡರೆ ಮುಚ್ಚಿಡಬಾರದು. ಬರಹದ ತಪ್ಪನ್ನು ತೋರಿಸಬೇಕೇ ಹೊರತು ಬರೆದವರನ್ನು ಹಳಿಯಬಾರದು. ಮುಖಸ್ತುತಿಯಿಂದ ಲೇಖಕರು ಬೆಳೆಯುವುದಿಲ್ಲ, ನಿಂದೆಯಿಂದ ಬರೆಯುವುದನ್ನೇ ಬಿಡುತ್ತಾರೆ. ಮೊಬೈಲಿನಲ್ಲಿ ಹೆಬ್ಬೆರಳಿನ ಗುರುತು ಕಳುಹಿಸುವುದು ಸುಲಭ. ಅದರ ಜೊತೆಗೆ ಕನ್ನಡದ ಎರಡು ವಾಕ್ಯಗಳನ್ನು ಸೇರಿಸಲು ಎರಡು ನಿಮಿಷ ಸಾಕು.

ಕನ್ನಡದಲ್ಲಿಯೇ ಬರೆಯಬೇಕೆಂಬುದಕ್ಕೆ ಕಾರಣವುಂಟು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಗುಜರಾತಿ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಆದರೆ ಅಕ್ಷರ ಬರೆಯುವ ಸಂದರ್ಭವೇ ಅವರಿಗೆ ಒದಗುವುದಿಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ತಾಯಿಯ ನೆರವಿನಿಂದ ತನ್ನ ಅಜ್ಜಿಯ ಊರಿನ ಬಗ್ಗೆ ಅರ್ಧ ಪುಟ ಬರೆದು ಸಂಚಿಕೆಗೆ ಕೊಡುತ್ತಾಳೆ. ಅದನ್ನು ಓದಿದ ಹಿರಿಯರಲ್ಲಿ ಒಬ್ಬರಾದರೂ ‘ನಿನ್ನ ಅಜ್ಜಿಯ ಮನೆಯ ಬಾವಿಯ ವರ್ಣನೆ ನನಗೆ ಹಿಡಿಸಿತು, ಆ ಊರು ಯಾವ ತಾಲ್ಲೂಕಿನದು ಮಗು?’ ಎಂದು ಕಾಗದ ಬರೆದರೆ, ಆ ಮಗು ಉತ್ತರಕ್ಕಾಗಿ ಮತ್ತೊಮ್ಮೆ ಕನ್ನಡದ ಲೇಖನಿ ಹಿಡಿಯುತ್ತದೆ. ಯಾರೂ ಏನೂ ಹೇಳದಿದ್ದರೆ ಆ ಅರ್ಧ ಪುಟವೇ ಅವಳ ಕೊನೆಯ ಕನ್ನಡ ಬರಹವಾಗಬಹುದು.

ಆದುದರಿಂದ ಸಹೃದಯ ವಾಚಕರಲ್ಲಿ ಒಂದು ವಿನಂತಿ. ಈ ಸಂಚಿಕೆಯನ್ನು ಕಪಾಟಿಗೆ ಸೇರಿಸುವ ಮೊದಲು, ನಿಮಗೆ ಹಿಡಿಸಿದ ಒಂದು ಬರಹವನ್ನು ಆರಿಸಿಕೊಂಡು ಅದರ ಲೇಖಕರಿಗೆ ನಾಲ್ಕು ಸಾಲು ಬರೆಯಿರಿ. ಯಾರಿಗೆ ಬರೆಯಲೆಂಬ ಪ್ರಶ್ನೆ ಬಂದರೆ ಮಕ್ಕಳ ಪುಟದಿಂದಲೇ ಪ್ರಾರಂಭಿಸಿರಿ.